ಕೇಪಿನ ಕೋವಿಯೂ ಕಡವೆಯ ಬೇಟೆಯೂ

ಚಾಮರಾಜಪೇಟೆಯಿಂದ ಹಳೆಯ ಕೋಟೆಯ ಕಡೆಗೆ ನಡೆದುಹೋಗುವವರು, ಕಲಾಸಿಪಾಳ್ಯದ ಜನಸಂದಣಿಯ ನಡುವೆ ಟಿಪ್ಪು ಸುಲ್ತಾನನ ಕಾಲದ ಆಯುಧಾಗಾರವೊಂದು ಇನ್ನೂ ನಿಂತಿರುವುದನ್ನು ಕಂಡಿರಬಹುದು. 1791ರ ಮಾರ್ಚಿ ತಿಂಗಳಲ್ಲಿ ಕಾರನ್‌ವಾಲಿಸನ ಸೇನೆ ಬೆಂಗಳೂರು ಕೋಟೆಯನ್ನು ಹಿಡಿದ ಕಥೆಯನ್ನು ಶ್ರೋತೃಗಳೆಲ್ಲರೂ ಬಲ್ಲರು. ಕೋವಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಇಂತಹ ಯುದ್ಧಗಳೇ. ಆದರೆ ಬಾಯಿಂದ ಮದ್ದು ತುಂಬುವ ಕೋವಿಗೆ ಇನ್ನೊಂದು ಚರಿತ್ರೆಯುಂಟು. ಅದು ಮಲೆನಾಡಿನ ಗೃಹಸ್ಥನ ಮನೆಯ ಗೋಡೆಗೆ ತೂಗಿದ್ದ ಕೋವಿಯ ಚರಿತ್ರೆ. ಗದ್ದೆಗೆ ಇಳಿದ ಕಡವೆಗೆ ಎಷ್ಟು ಅಗಲದ ನಳಿಗೆ ತಕ್ಕದ್ದು? ಆತನಿಗೆ ಇದು ಊಟದ ಪ್ರಶ್ನೆಯೂ ಹೌದು, ಪೈರಿನ ಪ್ರಶ್ನೆಯೂ ಹೌದು. ಈ ದಿನ ಅದನ್ನೇ ವಿಚಾರಿಸೋಣ.

ಈ ಕೋವಿಯಲ್ಲಿ ಕಿಡಿ ಹೊತ್ತಿಸುವ ಬಗೆ ಮೂರು ಹಂತಗಳನ್ನು ಕಂಡಿತು. ಮೊದಲು ಉರಿಯುವ ಬತ್ತಿ, ಬಳಿಕ ಚಕಮಕಿ ಕಲ್ಲು, 19ನೆಯ ಶತಮಾನದ ಪೂರ್ವಾರ್ಧದಲ್ಲಿ ತಾಮ್ರದ ಪುಟ್ಟ ಕೇಪು. ಮಳೆಯಲ್ಲಿ ಬತ್ತಿ ಆರುವುದು, ಚಕಮಕಿಯ ಬಟ್ಟಲಿನ ಮದ್ದು ತೊಯ್ಯುವುದು; ಕೇಪಿಗೆ ಆ ಭಯ ಕಡಮೆ. ನಮ್ಮ ಘಟ್ಟದ ನಾಡಿಗೆ ಇದು ದೊಡ್ಡ ಉಪಕಾರವಾಯಿತು. ಉಳಿದುದೆಲ್ಲ ಹಳೆಯ ಕ್ರಮವೇ. ಮದ್ದನ್ನು ಸುರಿದು, ಅದರ ಮೇಲೆ ತೆಂಗಿನ ನಾರನ್ನು ಕಡ್ಡಿಯಿಂದ ಜಡಿದು, ಗುಂಡನ್ನು ಇಳಿಸಿ, ಮತ್ತೆ ನಾರನ್ನು ತುಂಬಿ, ಕಡೆಗೆ ಕೇಪನ್ನು ಇಟ್ಟು ಕುದುರೆಯನ್ನು ಎತ್ತಬೇಕು. ಇಷ್ಟೆಲ್ಲ ಮಾಡಿದರೆ ಒಂದೇ ಈಡು. ಅದು ತಪ್ಪಿದರೆ ಎರಡನೆಯದನ್ನು ತುಂಬುವವರೆಗೆ ಜಿಂಕೆ ಕಾಯುವುದಿಲ್ಲ.

ನಳಿಗೆಯ ಅಳತೆಯ ಲೆಕ್ಕ ವಿಚಿತ್ರವಾದುದು. ಒಂದು ಪೌಂಡು ಸೀಸವನ್ನು ಕರಗಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ದುಂಡು ಗುಂಡುಗಳನ್ನು ಎರೆದರೆ ಎಷ್ಟಾಗುವುವೋ ಅದೇ ಆ ಕೋವಿಯ ಸಂಖ್ಯೆ. ಆದುದರಿಂದ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. 12ರ ನಳಿಗೆಯ ಅಗಲ 0.729 ಅಂಗುಲ, ಅದರ ಗುಂಡು ಸುಮಾರು 38 ಗ್ರಾಂ. 16ರದು 0.662 ಅಂಗುಲ, 28 ಗ್ರಾಂ. 32ರದು 0.526 ಅಂಗುಲ, 14 ಗ್ರಾಂ ಮಾತ್ರ. ಅಗಲದಲ್ಲಿ 12ಕ್ಕೂ 32ಕ್ಕೂ ಇರುವ ಭೇದ ಅಂಗುಲದ ಐದನೆಯ ಒಂದು ಪಾಲು. ತೂಕದಲ್ಲಿಯಾದರೋ ಎರಡೂವರೆ ಪಾಲಿಗೂ ಮಿಗಿಲು. ಬೇಟೆಗಾರನ ಆಯ್ಕೆಯೆಲ್ಲ ಈ ಗಣಿತದಲ್ಲಿ ಅಡಗಿದೆ.

ಕಿರಿಯ ನಳಿಗೆಗೆ ಸೀಸವೂ ಮದ್ದೂ ಕಡಮೆ ಸಾಕು. ಹೆಗಲಿಗೆ ಒದೆತವೂ ಕಡಮೆ. ಕಾಡುಕುರಿಗೆ ಅದು ಧಾರಾಳವಾಯಿತು. ಸನಿಹದಿಂದ ಹೊಡೆದರೆ ಚುಕ್ಕೆಯ ಜಿಂಕೆಗೂ ಆದೀತು. ಕಡವೆಯ ಮಾತು ಬೇರೆ. ಬಲಿತ ಗಂಡು ಕಡವೆ 200 ಕಿಲೋಗ್ರಾಮನ್ನೂ ಮೀರಬಲ್ಲುದು. ಅದರ ತೊಗಲೂ ಎಲುಬೂ ಗಟ್ಟಿ. ಅಲ್ಲದೆ ಗೃಹಸ್ಥನಿಗೆ ಇದ್ದುದು ಒಂದೇ ಕೋವಿ. ಅದರಲ್ಲೇ ಚರೆ ತುಂಬಿ ಹಕ್ಕಿಯನ್ನೂ, ಗುಂಡು ತುಂಬಿ ಮೃಗವನ್ನೂ ಹೊಡೆಯಬೇಕು. 12ರಿಂದ 16ರ ವರೆಗಿನ ನುಣುಪಾದ ನಳಿಗೆ ಈ ಎರಡಕ್ಕೂ ಒದಗುತ್ತಿತ್ತು.

ಆಂಗ್ಲ ಬೇಟೆಗಾರರಲ್ಲಿಯೂ ಈ ಚರ್ಚೆ ಬಲವಾಗಿಯೇ ನಡೆಯಿತು. ಮಧ್ಯಪ್ರಾಂತ್ಯದ ಕಾಡುಗಳನ್ನು ಬಲ್ಲ ಜೇಮ್ಸ್ ಫಾರ್ಸೈತ್ 1860ರ ದಶಕದಲ್ಲಿ ಬೇಟೆಯ ರೈಫಲನ್ನು ಕುರಿತು ಗ್ರಂಥವನ್ನೇ ಬರೆದನು. ನಳಿಗೆಯೊಳಗಿನ ತಿರುಪು ಬಿಗಿಯಾಗಿದ್ದರೆ, ಮದ್ದು ಹೆಚ್ಚಿದಾಗ ದುಂಡು ಗುಂಡು ತಿರುಪನ್ನು ಹಿಡಿಯದೆ ಜಾರುವುದು. ತಿರುಪು ನಿಧಾನವಾಗಿದ್ದರೆ ದೊಡ್ಡ ಗುಂಡನ್ನು ಹೆಚ್ಚು ಮದ್ದಿನಿಂದ ನೇರವಾಗಿ ಕಳುಹಬಹುದು. ಇದು ಅವನ ವಾದ. ವಾದವೇನೋ ಸರಿಯೇ. ಆದರೆ ದುಂಡು ಗುಂಡು ಗಾಳಿಯಲ್ಲಿ ಬೇಗ ವೇಗಗುಂದುವುದು. ನುಣುಪು ನಳಿಗೆಯ ಗುರಿಯೋ ಐವತ್ತು ಗಜದಾಚೆ ನೆಚ್ಚತಕ್ಕದ್ದಲ್ಲ. ದೂರದ ದೋಷವನ್ನು ಯಾವ ಸಂಖ್ಯೆಯೂ ತಿದ್ದಲಾರದು.

ಇದನ್ನು ನಮಗೆ ಮನಗಾಣಿಸಿದವರು ಗ್ರಂಥಕರ್ತರಲ್ಲ, ಮಲೆನಾಡಿನ ಒಬ್ಬ ವೃದ್ಧರು. ಅವರ ತಂದೆಯ ಕೋವಿಯನ್ನು ತೋರಿಸಿದಾಗ, ಇದು ಎಷ್ಟರ ನಳಿಗೆಯೆಂದು ಕೇಳಿದೆವು. ಅವರು ಹೆಬ್ಬೆರಳ ತುದಿಯನ್ನು ಅದರ ಬಾಯಲ್ಲಿಟ್ಟು, “ಇಷ್ಟು” ಎಂದರು. ತಂದೆ ಒಮ್ಮೆ ಮರಸು ಕೂತಿದ್ದಾಗ, ಹಕ್ಕಿಗೆಂದು ತುಂಬಿದ್ದ ಚರೆಯನ್ನೇ ದೂರದ ಕಡವೆಗೆ ಹಾರಿಸಿದರಂತೆ. ಅದು ಬೀಳಲಿಲ್ಲ. ಎರಡು ದಿನ ರಕ್ತದ ಜಾಡು ಹಿಡಿದು ಹುಡುಕಿದರೂ ಸಿಕ್ಕಲಿಲ್ಲ. ಮೂರನೆಯ ದಿನ ಹದ್ದುಗಳು ತೋರಿಸಿದುವು. “ಆಮೇಲೆ ಅಪ್ಪ ಜಿಂಕೆ ಜಾತಿಗೆ ಚರೆ ಹಾರಿಸಲಿಲ್ಲ. ಕಣ್ಣು ಕಾಣುವಷ್ಟು ಹತ್ತಿರ ಬಾರದೆ ಗುಂಡನ್ನೂ ಹಾರಿಸಲಿಲ್ಲ” ಎಂದರು.

ಕೋವಿಯ ಹಕ್ಕಿನ ಚರಿತ್ರೆಗೂ ಬೆಂಗಳೂರಿಗೂ ಸಂಬಂಧವುಂಟು. ನಮ್ಮ ಉದ್ಯಾನಕ್ಕೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ನನೇ 1861ರಲ್ಲಿ ಕೊಡವರನ್ನು ನಿರಾಯುಧೀಕರಣದ ಕಾನೂನಿನಿಂದ ಬಿಟ್ಟುಕೊಟ್ಟವನು. ಆ ವಿನಾಯಿತಿ 1959ರ ಆಯುಧ ಕಾನೂನಿನ ಅಡಿಯಲ್ಲಿಯೂ ಉಳಿಯಿತು. 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಲಾಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಈಗಲೂ ಪೂಜೆಯುಂಟು. ಆದರೆ ಕೋವಿಯ ಹಕ್ಕು ಬೇಟೆಯ ಹಕ್ಕಲ್ಲ. ಮೈಸೂರು ಸಂಸ್ಥಾನ 1901ರಲ್ಲಿಯೇ ಬೇಟೆಯ ಮೃಗಗಳನ್ನೂ ಮೀನುಗಳನ್ನೂ ಕಾಯುವ ರೆಗ್ಯುಲೇಷನ್ ಮಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಕಡವೆ, ಜಿಂಕೆಗಳ ಬೇಟೆ ಅಪರಾಧವಾಗಿದೆ.

ಅದು ಹಾಗೆಯೇ ಇರತಕ್ಕದ್ದು. ಹಿಂದಿನಿಂದ ತೋಟಾ ತುಂಬುವ ಕೋವಿ ಬಂದ ಮೇಲೆ ಎರಡನೆಯ ಈಡು ಸುಲಭವಾಯಿತು. ಮೊದಲನೆಯದರ ಎಚ್ಚರ ಸಡಿಲವಾಯಿತು. ಕೇಪಿನ ಕೋವಿಯವನೂ ಪ್ರಾಣಿಯನ್ನು ಕೊಂದವನೇ. ಅವನನ್ನು ಋಷಿಯೆಂದು ಹೊಗಳುವುದು ಬೇಡ. ಆದರೆ ತನ್ನ ಕೋವಿ ಎಷ್ಟು ದೂರ ಸಲ್ಲುವುದು, ಎಲ್ಲಿ ಸಲ್ಲದು ಎಂಬುದು ಅವನಿಗೆ ತಿಳಿದಿತ್ತು. ಗುಂಡಿನ ತೂಕಕ್ಕಿಂತ ಮೊದಲು ಅವನು ಅಳೆದುದು ತನಗೂ ಮೃಗಕ್ಕೂ ನಡುವಣ ನೆಲವನ್ನು.