ಸರಪಳಿಯಿಂದ ಉಪಗ್ರಹದವರೆಗೆ: ಬೆಂಗಳೂರಿನ ಭೂಮಾಪನದ ಎರಡು ಶತಮಾನಗಳು

ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಸಮೀಪ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಇದೇ ಪೂರ್ವಪೀಠಿಕೆಯಾಯಿತು. ಒಂದು ರೇಖೆಯ ಉದ್ದವನ್ನೂ ಗುಡ್ಡದಿಂದ ಗುಡ್ಡಕ್ಕೆ ನೋಡಿದ ಕೋನಗಳನ್ನೂ ಆಧರಿಸಿ ಉಳಿದ ದೂರಗಳನ್ನು ಗಣಿಸುವುದು ಇದರ ಕ್ರಮ. 1860ರ ದಶಕದಲ್ಲಿ ಉತ್ತಮ ಉಪಕರಣಗಳಿಂದ ದಕ್ಷಿಣದ ಮಾಪನ ಮತ್ತೆ ನಡೆಯಿತು.

ಈ ಕ್ರಮಕ್ಕೆ ಒಂದು ಮಿತಿಯಿದ್ದಿತು. ವಿಜಯನಗರ, ಕೆಂಗೇರಿಗಳೆರಡೂ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸರಿದರೆ ಅವುಗಳ ನಡುವಣ ದೂರ ಬದಲಾಗದು. ನೆಲದ ಮೇಲಿನ ಅಳತೆಗೆ ಆ ಚಲನೆ ಗೋಚರಿಸದು. 1990ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನೆಲೆಗೊಂಡ ಜಿಪಿಎಸ್ ಕೇಂದ್ರವು, ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಸಂಕೇತಗಳನ್ನು ವರ್ಷಗಟ್ಟಲೆ ದಾಖಲಿಸಿ ಈ ಕೊರತೆಯನ್ನು ನೀಗಿಸಿತು. ಬೆಂಗಳೂರು ವರ್ಷಕ್ಕೆ ಸುಮಾರು 5.4 ಸೆಂಟಿಮೀಟರ್‌ನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಇದೇ ವೇಗವನ್ನು ಹಿಡಿದರೆ ಲ್ಯಾಂಬ್ಟನ್ನನ ಕಾಲದಿಂದ ಊರು ಸುಮಾರು 12 ಮೀಟರ್ ಸರಿದಿದೆ.

ಈ ಗಣನೆಗೆ ಭೂಭ್ರಮಣದ ಅರಿವೂ ಅವಶ್ಯ. ಉಪಗ್ರಹದ ಕಕ್ಷೆಯನ್ನು ಆಕಾಶದ ಚೌಕಟ್ಟಿನಲ್ಲಿ ಗಣಿಸಲಾಗುತ್ತದೆ. ಗ್ರಾಹಕವಾದರೋ ಭೂಮಿಯೊಡನೆ ತಿರುಗುತ್ತದೆ. ದಿನದ ಉದ್ದವೂ ಧ್ರುವದ ಸ್ಥಾನವೂ ಅತ್ಯಲ್ಪವಾಗಿ ಬದಲಾಗುತ್ತಿರುವುದರಿಂದ, ದೂರದ ಕ್ವೇಸಾರ್‌ಗಳನ್ನು ಹಲವು ರೇಡಿಯೋ ದೂರದರ್ಶಕಗಳಿಂದ ಏಕಕಾಲಕ್ಕೆ ವೀಕ್ಷಿಸಿ ಆ ವ್ಯತ್ಯಾಸವನ್ನು ನಿರ್ಧರಿಸುತ್ತಾರೆ.

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವು ಸಾವಿರಾರು ಜೀವಗಳನ್ನು ಬಲಿತೆಗೆದುಕೊಂಡಿತು. ಸ್ಥಿರವೆಂದು ನಂಬಿದ್ದ ಪರ್ಯಾಯ ದ್ವೀಪ ಒಳಗೊಳಗೇ ಕುಗ್ಗುತ್ತಿದೆಯೇ ಎಂಬ ಪ್ರಶ್ನೆ ಆಗ ತೀವ್ರವಾಯಿತು. ಬೆಂಗಳೂರಿನ ಸಿ-ಮ್ಯಾಕ್ಸ್ ಕೇಂದ್ರದ ವಿ.ಕೆ. ಗೌರ್, ಶ್ರೀದೇವಿ ಜಡೆ ಹಾಗೂ ಅಮೆರಿಕದ ರೋಜರ್ ಬಿಲ್ಹಾಮ್ ಮೊದಲಾದವರ ತಂಡವು 1994ರಲ್ಲಿ ದಕ್ಷಿಣ ಭಾರತದ ಹಳೆಯ ಸರ್ವೇಕ್ಷಣಾ ಬಿಂದುಗಳನ್ನು ಜಿಪಿಎಸ್‌ನಿಂದ ಮತ್ತೆ ಅಳೆಯಿತು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, 1864ರಿಂದ 1994ರವರೆಗಿನ 130 ವರ್ಷಗಳಲ್ಲಿ ಅಳತೆಯ ದೋಷಮಿತಿಯನ್ನು ಮೀರಿದ ವಿರೂಪತೆ ಅಲ್ಲಿ ಕಂಡುಬರಲಿಲ್ಲ. ಇದರಿಂದ ಭೂಕಂಪದ ಭಯವಿಲ್ಲವೆಂದು ತೀರ್ಮಾನಿಸಲಾಗದು. ಆ ದೋಷಮಿತಿಗಿಂತ ಸೂಕ್ಷ್ಮವಾದ ಬದಲಾವಣೆ ಹಳೆಯ ಅಂಕಿಗಳಲ್ಲಿ ಅಡಗಿರಬಹುದು.

ಹೀಗೆ, ಭೂಪಟಕ್ಕಾಗಿ ನಡೆದ ವಸಾಹತು ಕಾಲದ ಮಾಪನವು ಭೂಕಂಪ ವಿಜ್ಞಾನಕ್ಕೆ ಆಕರವಾಯಿತು. ಗುಡ್ಡಗಳ ಮೇಲಿನ ಗುರುತುಗಲ್ಲುಗಳು ಉಳಿದಿರದಿದ್ದರೆ ಈ ಹೋಲಿಕೆ ಸಾಧ್ಯವಾಗುತ್ತಿರಲಿಲ್ಲ. ಕಲ್ಲೊಂದು ಕಿತ್ತುಹೋದಲ್ಲಿ ಅದರ ಹಿಂದಿನ ನೂರಾರು ವರ್ಷಗಳ ಅಳತೆಯೂ ನಿರರ್ಥಕವಾಗುವುದರಿಂದ, ಬೆಳೆಯುತ್ತಿರುವ ನಗರದ ಅಂಚಿನಲ್ಲಿ ಉಳಿದಿರುವ ಇಂತಹ ಗುರುತುಗಳ ಸಂರಕ್ಷಣೆ ಇತಿಹಾಸಕ್ಕೂ ವಿಜ್ಞಾನಕ್ಕೂ ಸಮಾನವಾದ ಹೊಣೆಯಾಗಿದೆ.