ಡಿಸ್ಕ್-ವ್ಯೂಹಗಳಲ್ಲಿ ದೋಷವಿಚಾರ: ಲಿನಕ್ಸ್ ರೇಡ್ ವ್ಯವಸ್ಥೆಯ ಒಂದು ಚಾರಿತ್ರಿಕ ಅವಲೋಕನ

ದತ್ತಾಂಶವನ್ನು ಅನೇಕ ಡಿಸ್ಕುಗಳಲ್ಲಿ ಹಂಚಿಟ್ಟು, ಅವುಗಳಲ್ಲೊಂದು ಕೆಟ್ಟರೂ ನಷ್ಟವಾಗದಂತೆ ಕಾಪಾಡುವ ಏರ್ಪಾಟಿಗೆ ರೇಡ್ ಎಂದು ಹೆಸರು. ಪ್ರತ್ಯೇಕ ಯಂತ್ರಾಂಗದ ನೆರವಿಲ್ಲದೆ ಲಿನಕ್ಸ್ ತನ್ನ ತಂತ್ರಾಂಶದಿಂದಲೇ ಇದನ್ನು ನಡೆಸಬಲ್ಲುದು. ಇಂತಹ ವ್ಯೂಹದಲ್ಲಿ ಒಂದು ಡಿಸ್ಕು ‘ದೋಷಯುಕ್ತ’ವೆಂದು ಘೋಷಿತವಾದರೆ ಅದರ ಅರ್ಥವೇನು? ಆ ಅರ್ಥವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಇದನ್ನರಿಯದೆ ದುರಸ್ತಿಗೆ ಕೈಹಾಕುವವನು ಉಳಿದಿರುವುದನ್ನೂ ಕಳೆದುಕೊಳ್ಳಬಹುದೆಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ಕೆಟ್ಟ ಘಟಕದ ದತ್ತಾಂಶವನ್ನು ಮರಳಿ ಪಡೆಯುವ ವಿಧಾನವೊಂದಕ್ಕೆ ಐಬಿಎಂ ಸಂಸ್ಥೆಯ ನಾರ್ಮನ್ ಕೆನ್ ಔಚಿ ಅವರಿಗೆ 1978ರಲ್ಲಿಯೇ ಅಮೆರಿಕದ ಪೇಟೆಂಟ್ ದೊರೆತಿತ್ತು. ರೇಡ್ ಎಂಬ ಹೆಸರನ್ನು ರೂಢಿಗೆ ತಂದವರು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಸ್. 1988ರಲ್ಲಿ ಪ್ರಕಟವಾದ ಅವರ ಪ್ರಬಂಧದ ಲೆಕ್ಕವು ಗಮನಾರ್ಹವಾದುದು: ಒಂದು ಸಣ್ಣ ಡಿಸ್ಕು ಸರಾಸರಿ 30,000 ಗಂಟೆ ಬಾಳುವುದಾದರೆ, ಅಂತಹ 100 ಡಿಸ್ಕುಗಳ ಸಮೂಹದಲ್ಲಿ 300 ಗಂಟೆಗೊಂದು, ಎಂದರೆ ಎರಡು ವಾರ ತುಂಬುವ ಮೊದಲೇ, ಕೆಡುತ್ತದೆ. ‘ಪ್ಯಾರಿಟಿ’ ಎಂಬ ಹೆಚ್ಚುವರಿ ಲೆಕ್ಕವನ್ನು ಬರೆದಿಟ್ಟು ನಷ್ಟವನ್ನು ತುಂಬಿಕೊಳ್ಳುವುದು ಅವರು ವಿವೇಚಿಸಿದ ಪರಿಹಾರಗಳಲ್ಲೊಂದು.

ಲಿನಕ್ಸಿನಲ್ಲಿ ಈ ಕಾರ್ಯವನ್ನು ನಿರ್ವಹಿಸುವ ಭಾಗಕ್ಕೆ ‘ಎಂಡಿ’ ಎಂದು ಹೆಸರು. ಮಾರ್ಕ್ ಝಿಂಗಿಯರ್ ಅವರ ಮೂಲಕೃತಿಯನ್ನು ಇಂಗೊ ಮೋಲ್ನಾರ್ ಹೊಸದಾಗಿ ಬರೆದರು. ಅದನ್ನು ಆಳುವ ‘ಎಂಡಿಎಡಿಎಂ’ ಎಂಬ ಉಪಕರಣವನ್ನು 2001ರಲ್ಲಿ ನೀಲ್ ಬ್ರೌನ್ ರಚಿಸಿದರು. ಆ ಕಾಲದಲ್ಲಿ ಓದುವಾಗ ಒಂದೇ ಒಂದು ತಪ್ಪು ಕಂಡುಬಂದರೂ ಇಡೀ ಡಿಸ್ಕು ವ್ಯೂಹದಿಂದ ಹೊರಹಾಕಲ್ಪಡುತ್ತಿತ್ತು. ಇದರ ಪರಿಣಾಮ ಘೋರವಾಗಿತ್ತು. ಐದನೆಯ ಮಟ್ಟದ ರೇಡ್ ಒಂದು ಡಿಸ್ಕಿನ ನಷ್ಟವನ್ನು ಮಾತ್ರ ತಾಳಬಲ್ಲುದು. ಅದು ಹೋದ ಮೇಲೆ ಮರುನಿರ್ಮಾಣಕ್ಕಾಗಿ ಉಳಿದವನ್ನು ಪೂರ್ಣವಾಗಿ ಓದಬೇಕು. ಆಗ ಬಹುಕಾಲ ಯಾರೂ ಮುಟ್ಟದ ಮೂಲೆಯ ದೋಷವೊಂದು ಹೊರಬಿದ್ದು, ಎರಡನೆಯ ಡಿಸ್ಕೂ ಉಚ್ಚಾಟಿತವಾಗಿ, ವ್ಯೂಹವೇ ಕುಸಿಯುತ್ತಿತ್ತು.

2006ರ ಜನವರಿಯಲ್ಲಿ ಹೊರಬಂದ 2.6.15ನೆಯ ಆವೃತ್ತಿಯ ಸುಮಾರಿನಲ್ಲಿ ಈ ನೀತಿ ಬದಲಾಯಿತು. ಅಂದಿನಿಂದ ಎಂಡಿಯು ಓದಲಾಗದ ಅಂಶವನ್ನು ಇತರ ಡಿಸ್ಕುಗಳಿಂದ ಲೆಕ್ಕಹಾಕಿ ಅದೇ ಸ್ಥಳದಲ್ಲಿ ಬರೆದುನೋಡುತ್ತದೆ. ಬರಹವೂ ವಿಫಲವಾದರೆ ಡಿಸ್ಕನ್ನು ದೋಷಯುಕ್ತವೆಂದು ಎಣಿಸುತ್ತದೆ. ಅಡಗಿದ ದೋಷಗಳನ್ನು ಮೊದಲೇ ಹುಡುಕಲು ‘ಚೆಕ್’ ಎಂಬ ಪರಿಶೀಲನೆಯೂ ಬಳಕೆಗೆ ಬಂದಿತು.

ಆದರೂ ಉಚ್ಚಾಟನೆಯು ಮರಣವಲ್ಲ. ಮನೆಬಳಕೆಯ ಡಿಸ್ಕು ಕೆಟ್ಟ ಸ್ಥಳವನ್ನು ಮತ್ತೆ ಮತ್ತೆ ಓದಲೆತ್ನಿಸುತ್ತ ಬಹಳ ಹೊತ್ತು ಮೌನವಾಗಿರಬಹುದು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಮಾತ್ರ ಕಾಯುತ್ತದೆ. ಬಳಿಕ ಸಂಪರ್ಕವನ್ನು ಕಡಿದು ಮತ್ತೆ ಜೋಡಿಸುತ್ತದೆ. ಈ ನಡುವೆ ಬರಹ ತಪ್ಪಿ ದುರಸ್ತಿಯಾಗಬಲ್ಲ ಡಿಸ್ಕೂ ಹೊರಬೀಳುತ್ತದೆ. ಸಡಿಲವಾದ ಕೇಬಲ್ ಕೂಡ ಇಂತಹುದೇ ಭ್ರಮೆಯನ್ನು ಹುಟ್ಟಿಸುತ್ತದೆ.

ಸತ್ಯವನ್ನು ತಿಳಿಯಲು ಪ್ರತಿ ಡಿಸ್ಕಿನ ‘ಸೂಪರ್‌ಬ್ಲಾಕ್’ ಎಂಬ ದಾಖಲೆಯಲ್ಲಿರುವ ಘಟನಾಸಂಖ್ಯೆಯೇ ಮುಖ್ಯ ಆಧಾರ. ಸಂಖ್ಯೆ ಹಿಂದೆ ಬಿದ್ದ ಡಿಸ್ಕು ಮೊದಲು ಹೊರಬಿದ್ದದ್ದು. ಅದರ ದತ್ತಾಂಶ ಹಳೆಯದು. ‘ಎಗ್ಸಾಮಿನ್’ ಆಜ್ಞೆಯು ಏನನ್ನೂ ಬರೆಯದೆ ಇದನ್ನು ಓದಿ ತಿಳಿಸುತ್ತದೆ. ಸಂಖ್ಯೆಗಳ ಅಂತರ ಅಲ್ಪವಾಗಿದ್ದರೆ ಒತ್ತಾಯದ ಜೋಡಣೆ ಬಹುಮಟ್ಟಿಗೆ ಫಲಿಸುತ್ತದೆ. ಇದಕ್ಕೆ ಬದಲಾಗಿ ಆತುರದಿಂದ ‘ಕ್ರಿಯೇಟ್’ ಆಜ್ಞೆ ಕೊಟ್ಟರೆ ಹಳೆಯ ದಾಖಲೆಯೇ ಅಳಿಯುವುದು. 0.90ನೆಯ ಮಾದರಿಯಲ್ಲಿ ಡಿಸ್ಕಿನ ಕೊನೆಯ ಭಾಗದಲ್ಲಿದ್ದ ಸೂಪರ್‌ಬ್ಲಾಕು 1.2ನೆಯ ಮಾದರಿಯಲ್ಲಿ ಮೊದಲಿನಿಂದ 4 ಕಿಲೋಬೈಟ್ ದೂರದಲ್ಲಿದೆ. ದತ್ತಾಂಶಖಂಡದ ವಾಡಿಕೆಯ ಗಾತ್ರವೂ 64ರಿಂದ 512 ಕಿಲೋಬೈಟಿಗೆ ಏರಿದೆ. ಈ ಚರಿತ್ರೆಯನ್ನು ಮರೆತು ಹೊಸ ಅಳತೆಯಲ್ಲಿ ಹಳೆಯ ವ್ಯೂಹವನ್ನು ಕಟ್ಟಿದರೆ, ಅನಂತರದ ಬರಹವು ಮೂಲವನ್ನೇ ನಾಶಮಾಡುತ್ತದೆ.

ಓಲೆಪ್ರತಿಗಳಲ್ಲಿ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ನಿರ್ಣಯಿಸಿದ ಬಳಿಕವೇ ಗ್ರಂಥಸಂಪಾದಕನು ಲೇಖನಿ ಹಿಡಿಯುತ್ತಾನೆ. ಇಲ್ಲಿಯೂ ಕ್ರಮ ಅದೇ: ಮೊದಲು ಓದು, ಅನಂತರ ಪ್ರತಿ, ಕೊನೆಗೆ ಬರಹ. ರೇಡ್ ಬೇರೊಂದು ಪ್ರತಿಯ ಸ್ಥಾನವನ್ನು ತುಂಬಲಾರದೆಂಬುದನ್ನೂ ಈ ಚರಿತ್ರೆಯೇ ಸ್ಪಷ್ಟಪಡಿಸುತ್ತದೆ.