ಹಲಾಲ್ ಜೊತೆಗೆ ತಯ್ಯಿಬ್: ಅಡುಗೆಮನೆ ತಪಾಸಣೆಯ ಚರಿತ್ರೆ

ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಸಂಸೆ ಇದೆ. ತೋಟದ ಕೆಲಸಗಾರರು, ಬೆಟ್ಟ ನೋಡಲು ಬರುವವರು, ದಾರಿಹೋಕರು ಎಲ್ಲರೂ ಉಣ್ಣುವುದು ರಸ್ತೆ ಬದಿಯ ಚಿಕ್ಕ ಹೋಟೆಲಿನಲ್ಲಿ ಅಥವಾ ಹೋಮ್‌ಸ್ಟೇಯಲ್ಲಿ. ಇಂಥ ಊರುಗಳಿಗೆ ಆಹಾರ ಸುರಕ್ಷತಾ ಅಧಿಕಾರಿ ಬರುತ್ತಾರೆಂದರೆ ಅವರಿಗಿಂತ ಮೊದಲು ಸುದ್ದಿ ತಲುಪಿರುತ್ತದೆ. ಹಳೆಯ ಎಣ್ಣೆ ಹಿತ್ತಲು ಸೇರುತ್ತದೆ, ಬಣ್ಣದ ಡಬ್ಬಿ ಮಾಯವಾಗುತ್ತದೆ. ತಪಾಸಣೆಯೆಂದರೆ ಹೊಟ್ಟೆಪಾಡಿಗೆ ಬಂದ ಕುತ್ತು ಎಂದು ನಾವು ತಿಳಿದಿದ್ದೇವೆ. ನಮ್ಮದೇ ಚರಿತ್ರೆ ಹೇಳುವುದು ಬೇರೆ.

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಂನಲ್ಲಿರುವ ಈ ಘಟನೆಯನ್ನು ಜುಮಾ ಖುತ್ಬಾದಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಮೇಲ್ನೋಟಕ್ಕೆ ತೃಪ್ತರಾಗದೆ ಒಳಗೆ ಕೈ ಹಾಕಿ ನೋಡುವುದೇ ತಪಾಸಣೆ.

ಹಝ್ರತ್ ಉಮರ್(ರ) ಮಾರುಕಟ್ಟೆಯ ಕೆಲವು ಹೊಣೆಗಳನ್ನು ಶಿಫಾ ಬಿಂತ್ ಅಬ್ದುಲ್ಲಾಹ್(ರ) ಎಂಬ ಮಹಿಳೆಗೆ ವಹಿಸಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ. ಮುಂದೆ ಈ ಕೆಲಸ ‘ಹಿಸ್ಬಾ’ ಎಂಬ ಇಲಾಖೆಯಾಯಿತು, ಅದರ ಅಧಿಕಾರಿ ‘ಮುಹ್ತಸಿಬ್’. 12ನೇ ಶತಮಾನದಲ್ಲಿ ಸಿರಿಯಾದ ಅಶ್ಶೈಝರೀ ಮುಹ್ತಸಿಬರಿಗಾಗಿ ಒಂದು ಕೈಪಿಡಿಯನ್ನೇ ಬರೆದರು. ಹಿಟ್ಟು ನಾದುವವನು ಕಾಲಿನಿಂದ ತುಳಿಯಬಾರದು. ಸೀನಿದರೆ ಹಿಟ್ಟಿಗೆ ಬೀಳದಂತೆ ಬಾಯಿಗೆ ಬಟ್ಟೆ ಕಟ್ಟಿರಬೇಕು. ಬೆವರು ತೊಟ್ಟಿಕ್ಕದಂತೆ ಹಣೆಗೆ ಪಟ್ಟಿ ಇರಬೇಕು. ನೊಣ ಓಡಿಸಲು ಪಕ್ಕದಲ್ಲಿ ಒಬ್ಬನಿರಬೇಕು. ಮುಹ್ತಸಿಬ್ ವ್ಯಾಪಾರಿಗಳಿಂದ ಉಡುಗೊರೆ ಪಡೆಯಬಾರದು. ಇವೆಲ್ಲ ಸುಮಾರು 850 ವರ್ಷ ಹಿಂದಿನ ಮಾತು.

ನಮ್ಮ ದೇಶದಲ್ಲಿ ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲಿ ಬಂತು. ಅದರ ಜಾಗಕ್ಕೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ತಳ್ಳುಗಾಡಿಯೂ ನೋಂದಣಿ ಮಾಡಿಸಬೇಕು. ಆದರೆ ಈ ಕಾಯ್ದೆ ವ್ಯಾಪಾರಿಯನ್ನು ಬರೀ ಹೆದರಿಸುವುದಿಲ್ಲ. ಅಧಿಕಾರಿ ಮಾದರಿ ತೆಗೆದುಕೊಂಡರೆ ಅದರ ಬೆಲೆ ಕೊಡಬೇಕು. ತಪ್ಪು ಕಂಡರೆ ಸುಧಾರಿಸಿಕೊಳ್ಳಲು ನೋಟಿಸ್ ಕೊಟ್ಟು ಕಾಲಾವಕಾಶ ನೀಡಲು ದಾರಿಯಿದೆ. ಕಾರಣವಿಲ್ಲದೆ ಕಿರುಕುಳ ಕೊಟ್ಟ ಅಧಿಕಾರಿಗೂ ದಂಡವಿದೆ. ಉಣ್ಣುವವರೂ ಶುಲ್ಕ ಕಟ್ಟಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಆ ಶುಲ್ಕ ಮರಳಿ ಸಿಗುತ್ತದೆ.

2024ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ, ನಮ್ಮ ವ್ಯಾಪಾರದ ಮೇಲೇ ಕಣ್ಣು ಬಿತ್ತೆಂದು ಗೊಣಗಿದವರಿದ್ದಾರೆ. ಲೆಕ್ಕ ನೋಡೋಣ. ಅದೇ ವರ್ಷದ ಮಾರ್ಚ್‌ನಲ್ಲಿ ಮೊದಲು ನಿಷೇಧಕ್ಕೆ ಒಳಗಾದದ್ದು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣ. ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಕಬಾಬಿನ 39 ಮಾದರಿಗಳಲ್ಲಿ 8ರಲ್ಲಿ ಕೃತಕ ಬಣ್ಣವಿತ್ತು. ನಿಯಮ ಧರ್ಮ ನೋಡಲಿಲ್ಲ, ತಟ್ಟೆ ನೋಡಿತು. ಆ ಎಂಟು ತಟ್ಟೆಗಳನ್ನು ಉಂಡವರಲ್ಲಿ ಯಾರದೋ ಮಕ್ಕಳಿರಬಹುದು.

ಮಾಂಸ ಕೊಳ್ಳುವಾಗ ಹಲಾಲ್ ಹೌದೇ ಎಂದು ನಾವು ತಪ್ಪದೆ ಕೇಳುತ್ತೇವೆ. ಪವಿತ್ರ ಕುರ್‌ಆನ್ ಸೂರಃ ಅಲ್ ಬಕರಃದಲ್ಲಿ (2:168) ಮನುಷ್ಯರೆಲ್ಲರನ್ನೂ ಕರೆದು ಹಲಾಲ್ ಆದುದನ್ನು, ಜೊತೆಗೆ ತಯ್ಯಿಬ್ ಅಂದರೆ ಶುದ್ಧವೂ ಉತ್ತಮವೂ ಆದುದನ್ನು ಉಣ್ಣಲು ಹೇಳುತ್ತದೆ. ಮೊದಲ ಮಾತು ನಮ್ಮ ನಾಲಿಗೆಯಲ್ಲಿದೆ, ಎರಡನೆಯದನ್ನು ಅಧಿಕಾರಿಯ ಹೆಗಲಿಗೆ ಬಿಟ್ಟಿದ್ದೇವೆ.

ಅಧಿಕಾರಿ ದಿನವೂ ಸಂಸೆಯ ಘಟ್ಟ ಹತ್ತಿ ಬರಲಾರರು. ಮುಹ್ತಸಿಬನಿಗೂ ಈ ತೊಡಕಿತ್ತು. ಅದಕ್ಕೇ ಪ್ರತಿಯೊಂದು ಕಸುಬಿನವರಲ್ಲೇ ನಂಬಿಗಸ್ತನೂ ಅನುಭವಿಯೂ ಆದ ಒಬ್ಬನನ್ನು ‘ಆರಿಫ್’ ಎಂದು ನೇಮಿಸಿಕೊಳ್ಳಲು ಅಶ್ಶೈಝರೀ ಹೇಳಿದ್ದರು. ನಮ್ಮ ಜಮಾಅತ್‌ಗಳಿಗೆ ಇದು ಕಷ್ಟವೇ? ನಿಕಾಹ್‌ನ ಬಿರಿಯಾನಿಗೆ, ಮಸ್ಜಿದ್‌ನ ಇಫ್ತಾರ್‌ಗೆ ನೀರು, ಎಣ್ಣೆ, ಪಾತ್ರೆ ನೋಡಲು ಒಬ್ಬ ಹಿರಿಯರನ್ನು, ಹೆಂಗಸರ ಕಡೆಯಿಂದ ಒಬ್ಬರನ್ನು ಗೊತ್ತುಮಾಡಿದರೆ ಸಾಕು. ಹೋಟೆಲ್ ನಡೆಸುವ ನಮ್ಮ ಸಹೋದರರು ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ನೋಡಿ ತಿದ್ದಬಹುದು.

ಅಧಿಕಾರಿ ಬಂದಾಗ ಮಾತ್ರ ಶುಚಿಯಾಗುವ ಅಡುಗೆಮನೆ ಮೇಲೆ ಒಣಗಿದ, ಒಳಗೆ ಒದ್ದೆಯಾದ ಧಾನ್ಯದ ರಾಶಿಯಂತೆ. ಅಧಿಕಾರಿ ಬರಲಿ ಬಿಡಲಿ, ಅಲ್ಲಾಹನು ನೋಡುತ್ತಿದ್ದಾನೆ. ನಮ್ಮ ಕೈಯ ಅನ್ನವನ್ನು ಅವನು ತಯ್ಯಿಬ್ ಆಗಿಸಲಿ, ಆಮೀನ್.